ಬಾಟಲಿಯ ಬೆಲೆಗೆ ಮರುಳಾಗಬೇಡಿ

ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ, ಜರಿ ತಿರುವಿ ನೋಡದೆ ದುಡ್ಡು ಕೊಡ್ತೀರಾ? ಇಲ್ಲ ತಾನೇ? ಮತ್ತೆ ವೈನ್ ಅಂಗಡಿಯಲ್ಲಿ ಮಾತ್ರ ಯಾಕೆ ಅಳುಕು?

ಒಮ್ಮೆ ಯಜಮಾನರ ಮೇಲಧಿಕಾರಿ ಊಟಕ್ಕೆ ಬಂದಾಗ ನಾನೂ ಹೀಗೇ ಅಳುಕಿ, ಅಂಗಡಿಯಲ್ಲಿದ್ದ ಅತಿ ದುಬಾರಿ ಇಟಲಿ ವೈನ್ 'ಬರೋಲೊ' ತಂದಿದ್ದೆ. ತಿಂಗಳ ದಿನಸಿ ದುಡ್ಡು ಅದಕ್ಕೇ ಹೋಯ್ತು. ಬಾಯಿಗಿಟ್ಟರೆ ಬರೀ ಒಗರು! ಇನ್ನೂ ವರ್ಷಗಟ್ಟಲೆ ಮಾಗಬೇಕಿದ್ದ ಬಾಟಲಿ ಅದು ಅಂತ ಆಮೇಲೆ ತಿಳೀತು.

ಅದಕ್ಕೇ ಹೇಳೋದು, ದೊಡ್ಡ ಹೆಸರಿನ ಬದಲು ಅದರ ತಂಗಿಯನ್ನು ಕೇಳಿ. ನೆಬ್ಬಿಯೋಲೊ ದ್ರಾಕ್ಷಿಯ ಬರೋಲೊವನ್ನು ಮಾರುವ ಮುನ್ನ ಕನಿಷ್ಠ 38 ತಿಂಗಳು ಮಾಗಿಸಲೇಬೇಕು. ಆ ಖರ್ಚೂ ನಿಮ್ಮ ತಲೆಗೇ! ಅದೇ ದ್ರಾಕ್ಷಿಯ 'ಲಾಂಗೆ ನೆಬ್ಬಿಯೋಲೊ' ಸಾಮಾನ್ಯವಾಗಿ ಅಗ್ಗ, ಬೇಗ ಕುಡಿಯಲೂ ಹಿತ. 'ಬ್ರುನೆಲ್ಲೊ' ಬದಲು 'ರೊಸ್ಸೊ ದಿ ಮೊಂಟಾಲ್ಚಿನೊ' ಕೂಡ ಹಾಗೇ.

ಬಾಟಲಿಯ ಮೇಲೆ 'ಡಿಒಸಿಜಿ' ಅಂತಿದ್ದರೆ ಪ್ರದೇಶ, ದ್ರಾಕ್ಷಿ, ತಯಾರಿಕೆಯ ನಿಯಮಗಳನ್ನು ಪಾಲಿಸಿದ್ದಾರೆ ಎಂದರ್ಥ. ನಿಮ್ಮ ನಾಲಿಗೆಗೆ ಹಿಡಿಸುತ್ತೆ ಅನ್ನೋ ಖಾತ್ರಿಯಲ್ಲ. 'ಐಜಿಟಿ' ಎಂದಿದ್ದರೆ ಮೂಗು ಮುರಿಯಲೂಬೇಡಿ, ಅದರಲ್ಲೂ ಒಳ್ಳೆಯವು ಸಿಗುತ್ತವೆ. ಸಾಧಾರಣ ಬೆಲೆಯ ಬಿಳಿ ವೈನ್ ಆದರೆ ಇಸವಿ ನೋಡಿ, ಹೊಸದನ್ನೇ ಆರಿಸಿ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟ ಬಾಟಲಿ ಮಾತ್ರ ಬೇಡವೇ ಬೇಡ.

ಕುಡಿಯೋದು, ಬಿಡೋದು ಅವರವರ ಇಷ್ಟ. ಕೊಳ್ಳೋದಾದರೆ ಅಂಗಡಿಯವರಿಗೆ ಮೊದಲು ನಿಮ್ಮ ಬಜೆಟ್ ಹೇಳಿ, ಆಮೇಲೆ ಅಡುಗೆ ಏನೆಂದು ಹೇಳಿ. ನಾಚಿಕೆ ಯಾಕೆ? ದುಡ್ಡು ನಿಮ್ಮದು!