ಹೊರೆ ಜಾಸ್ತಿಯಾದ್ರೆ ಇಳಿಸಬೇಕು ಸ್ವಾಮಿ

‘ನಿಮ್ಮ ಪೋಸ್ಚರ್ ಸರಿಯಿಲ್ಲ.’

ಕತ್ತು ಹಿಡ್ಕೊಂಡಿದೆ, ತೋಳಲ್ಲಿ ಇರುವೆ ಹರಿದಂಗೆ ಜುಮುಜುಮು ಅನ್ನುತ್ತೆ, ಕಾಫಿ ಲೋಟ ಎತ್ತಿದ್ರೆ ಕೈ ಸೋಲುತ್ತೆ ಅಂತ ನಮ್ಮ ಐಟಿ ಆಫೀಸುಗಳಲ್ಲಿ ಹೇಳಿ ನೋಡಿ. ಸಿಗೋ ಉತ್ತರ ಇದೊಂದೇ. ಜೊತೆಗೆ ಶುಕ್ರವಾರ ಒಂದು ಯೋಗ ಸೆಷನ್, ಉಚಿತ.

ನಾನಿರೋದು ರಿಚರ್ಡ್ಸ್ ಟೌನ್‌ನಲ್ಲಿ. ಬೆಳಗ್ಗೆ ಪಾರ್ಕಿನಲ್ಲಿ ಎಪ್ಪತ್ತು ದಾಟಿದವರು ಕೈ ಬೀಸಿಕೊಂಡು ನಡೀತಿರ್ತಾರೆ. ಅದೇ ಹೊತ್ತಿಗೆ ಮೂವತ್ತರ ನಾವು ಕ್ಯಾಬಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು, ಐದು ಕೆಜಿ ತೂಗೋ ತಲೆಯನ್ನು ಮುಂದಕ್ಕೆ ಜೋತುಬಿಟ್ಟು, ಹೊರವರ್ತುಲ ರಸ್ತೆ ಟ್ರಾಫಿಕ್ಕಲ್ಲಿ ಕೂತಿರ್ತೀವಿ.

ಕತ್ತಿನಲ್ಲಿ ಏಳು ಮೂಳೆ, ಎಂಟು ಜೊತೆ ನರ. ನಡುವಿನ ಡಿಸ್ಕ್ ಉಬ್ಬಿ ಅಥವಾ ಮೂಳೆ ಬೆಳೆದು ನರದ ಬೇರನ್ನು ಒತ್ತಿದರೆ ಅದು ಸರ್ವೈಕಲ್ ರೇಡಿಕ್ಯುಲೋಪತಿ. ಆರನೇ ನರವಾದರೆ ಸಾಮಾನ್ಯವಾಗಿ ಹೆಬ್ಬೆರಳು ಜೋಮು ಹಿಡಿಯುತ್ತೆ, ಏಳನೆಯದಾದರೆ ನಡುಬೆರಳು, ಎಂಟನೆಯದಾದರೆ ಕಿರುಬೆರಳು. ಬಹುಪಾಲು ಜನಕ್ಕೆ ಆಪರೇಷನ್ ಇಲ್ಲದೆಯೇ ಕೆಲವು ವಾರ, ತಿಂಗಳುಗಳಲ್ಲಿ ವಾಸಿಯಾಗುತ್ತೆ. ಆದರೆ ಕೈಯ ಶಕ್ತಿ ದಿನೇದಿನೇ ಕುಗ್ಗುತ್ತಿದ್ದರೆ, ಅಂಗಿ ಗುಂಡಿ ಹಾಕೋಕಾಗದಿದ್ದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿಯೇ ಒತ್ತಿರಬಹುದು. ಆಗ ಹೋಗಬೇಕಾದ್ದು ನರರೋಗ ತಜ್ಞರ ಹತ್ತಿರ, ಅವತ್ತೇ. ಕತ್ತು ಲಟಕ್ ಅನ್ನಿಸೋ ಸಲೂನಿಗಲ್ಲ.

‘ಇದು ವಯಸ್ಸಿನ ಸವೆತ, ಕಂಪ್ಯೂಟರ್ ಮುಟ್ಟದವರಿಗೂ ಬರುತ್ತೆ’ ಅಂತಾರೆ. ನಿಜ. ನಮ್ಮೂರಲ್ಲಿ ಹುಲ್ಲಿನ ಹೊರೆ ಹೊತ್ತವರಿಗೂ ಕತ್ತು ನೋವಿತ್ತು. ಹಳ್ಳಿ ಬದುಕು ಆರೋಗ್ಯದ ಗಣಿ ಅನ್ನೋ ಸುಳ್ಳನ್ನು ನಾನು ಹೇಳೋಲ್ಲ. ಆದರೆ ಅಲ್ಲಿ ಯಾರೂ ‘ನೀನು ನಿಂತ ಭಂಗಿ ಸರಿಯಿಲ್ಲ’ ಅಂತಿರಲಿಲ್ಲ. ‘ಹೊರೆ ಜಾಸ್ತಿಯಾಯ್ತು, ಇಳ್ಸು’ ಅಂತಿದ್ರು. ಓದು ಬರಹ ಇಲ್ಲದವರಿಗೆ ಗೊತ್ತಿದ್ದ ಈ ಮಾತು ನಮ್ಮ ಮ್ಯಾನೇಜರುಗಳಿಗೆ ಯಾಕೆ ಹೊಳೆಯೋಲ್ಲ?

ಯುರೋಪಿನಲ್ಲಿ 1990ರಲ್ಲೇ ನಿಯಮ ಬಂತು: ಪರದೆ ಮುಂದೆ ಕೂರುವವನಿಗೆ ಆಗಾಗ ಬಿಡುವು ಅಥವಾ ಬೇರೆ ಬಗೆಯ ಕೆಲಸ ಕೊಡೋದು ಮಾಲೀಕನ ಹೊಣೆ. ನಮ್ಮ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ ಅಂದಿತು. ಓಟಿ ಸೇರಿದರೂ ಹತ್ತು. 2025ರ ಜೂನ್‌ನಲ್ಲಿ ಅದನ್ನು ಹನ್ನೆರಡಕ್ಕೆ ಏರಿಸೋ ಪ್ರಸ್ತಾಪವನ್ನೇ ಸರ್ಕಾರ ಮುಂದಿಟ್ಟಿತು. ಐಟಿ ನೌಕರರ ಸಂಘ ಕಿಟು ವಿರೋಧಿಸಿತು. ನಮ್ಮಲ್ಲಿ ಹೆಚ್ಚಿನವರು ಸುದ್ದಿಯ ಲಿಂಕ್ ಫಾರ್ವರ್ಡ್ ಮಾಡಿ ಸ್ಟ್ಯಾಂಡ್‌ಅಪ್ ಕಾಲ್‌ಗೆ ಹೋದರು. ಹೆಸರು ಸ್ಟ್ಯಾಂಡ್‌ಅಪ್, ಎಲ್ಲರೂ ಕೂತೇ ಇರ್ತಾರೆ.

ನಾವು ಕೇಳಬೇಕಾದ್ದು ಕುಬೇರನ ಭಂಡಾರವಲ್ಲ. ಕಣ್ಣಿನ ಮಟ್ಟಕ್ಕೊಂದು ಪರದೆ, ಬೇರೆ ಕೀಬೋರ್ಡ್, ಮೀಟಿಂಗುಗಳ ನಡುವೆ ಐದು ನಿಮಿಷ, ಕತ್ತು ನೋವಿನ ರಜೆಯನ್ನು ಅಪ್ರೈಸಲ್‌ನಲ್ಲಿ ಎಣಿಸದಿರೋ ಸೌಜನ್ಯ. ವ್ಯಾಯಾಮ ನಾವು ಮಾಡ್ತೀವಿ, ಅದು ನಮ್ಮ ಪಾಲು. ಹೊರೆ ಇಳಿಸೋದು ಅವರ ಪಾಲು. ಅದನ್ನು ಕೇಳೋಕೆ ಕೈ ಎತ್ತಬೇಕು. ಎತ್ತೋ ಶಕ್ತಿ ಇರುವಾಗಲೇ ಎತ್ತೋಣ.