ಎರಡು ಬೇಸ್ ಗಿಟಾರು, ನಾಲ್ಕು ಮಿಲಿಮೀಟರು

ಐವತ್ತಾರು ದಾಟಿದವನು ಗಿಟಾರ್ ಅಂಗಡಿಗೆ ಕಾಲಿಟ್ಟರೆ ಅಲ್ಲಿನ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ - "ಮಗನಿಗಾ ಅಂಕಲ್?" ನನಗೇ ಅಂದೆ. ಅದೂ ಬೇಸ್ ಗಿಟಾರ್ ಅಂದೆ. ಹುಡುಗ ಒಂದು ಕ್ಷಣ ನನ್ನ ಬೋಳುತಲೆಯನ್ನೂ ಆಫೀಸ್ ಬ್ಯಾಗನ್ನೂ ನೋಡಿ, ಪಾಪ, ನಗದೆ ಒಳಗೆ ಕರೆದುಕೊಂಡು ಹೋದ.

ಇದಕ್ಕೊಂದು ಹಿನ್ನೆಲೆಯಿದೆ. ತೊಂಬತ್ತರ ದಶಕದಲ್ಲಿ, ಮುಂಬಯಿಗೆ ಬಂದ ಹೊಸದರಲ್ಲಿ, ನಮ್ಮ ಬ್ಯಾಂಕಿನ ಹುಡುಗರ ಒಂದು ಆರ್ಕೆಸ್ಟ್ರಾ ಇತ್ತು. ಗಣೇಶೋತ್ಸವ, ಕನ್ನಡ ಸಂಘದ ವಾರ್ಷಿಕೋತ್ಸವ, ಯಾರದೋ ಮದುವೆ. ಎಲ್ಲರೂ ಹಾಡುವವರೇ, ಇಲ್ಲ ಕೀಬೋರ್ಡಿನವರೇ. ಬೇಸ್ ಯಾರಿಗೂ ಬೇಡವಾಗಿತ್ತು, ನನ್ನ ಪಾಲಿಗೆ ಬಂತು. ಗಿಟಾರೂ ನನ್ನದಲ್ಲ, ಕಡ ತಂದದ್ದು. ನಾಲ್ಕು ವರ್ಷ ನುಡಿಸಿದೆ. ಪ್ರಮೋಷನ್, ವರ್ಗಾವಣೆ, ಮಕ್ಕಳ ಶಾಲೆ... ಗಿಟಾರ್ ಅದರ ಒಡೆಯನಿಗೆ ಹೋಯಿತು. ಇಪ್ಪತ್ತೈದು ವರ್ಷ ಮುಟ್ಟಲಿಲ್ಲ. 1981ರ 'ಗೀತಾ' ಸಿನಿಮಾದ ಇಳಯರಾಜರ ಹಾಡುಗಳು ರೇಡಿಯೋದಲ್ಲಿ ಬಂದಾಗೆಲ್ಲ ಎಡಗೈ ಮಾತ್ರ ತಾನಾಗಿಯೇ ಕುರ್ಚಿಯ ತೋಳಿನ ಮೇಲೆ ಓಡಾಡುತ್ತಿತ್ತು.

ಈಗ ಮೊದಲ ಬಾರಿಗೆ ಸ್ವಂತ ದುಡ್ಡಿನಲ್ಲಿ ಸ್ವಂತಕ್ಕೊಂದು ಬೇಸ್. ಎರಡು ಕೊಳ್ಳುವ ಮಾತಿಲ್ಲ, ಮನೆಯಲ್ಲಿ ಜಾಗವೂ ಇಲ್ಲ, ಗೃಹಮಂತ್ರಿಗಳ ಮಂಜೂರಾತಿಯೂ ಇಲ್ಲ. ಆರಿಸಬೇಕಾದದ್ದು ಎರಡರಲ್ಲಿ ಒಂದನ್ನು: ಫೆಂಡರ್ ಕಂಪನಿಯ ಅಗ್ಗದ ಬ್ರ್ಯಾಂಡ್ ಆದ ಸ್ಕ್ವೈಯರ್‌ನ ಪ್ರಿಸಿಷನ್ ಬೇಸ್, ಅದೇ ಸ್ಕ್ವೈಯರ್‌ನ ಜಾಝ್ ಬೇಸ್. ದೂರದಿಂದ ನೋಡಿದರೆ ಅಣ್ಣ-ತಮ್ಮ. ಎರಡಕ್ಕೂ ನಾಲ್ಕೇ ತಂತಿ, ತಂತಿಯ ಉದ್ದ 34 ಇಂಚು, ತೂಕ ನಾಲ್ಕು ಕೆಜಿ ಆಸುಪಾಸು. ಬೆಲೆಯಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ.

ಬಿ.ಕಾಂ. ಓದಿದವನಲ್ಲವೇ, ಲೆಡ್ಜರಿನಂತೆ ಎರಡು ಕಾಲಂ ಹಾಕಿಕೊಂಡೆ.

ಪ್ರಿಸಿಷನ್ ಹಿರಿಯ. ಲಿಯೋ ಫೆಂಡರ್ ಅದನ್ನು 1951ರಲ್ಲಿ ಮಾರುಕಟ್ಟೆಗೆ ತಂದ. ಅಲ್ಲಿಯವರೆಗೆ ಬ್ಯಾಂಡುಗಳಲ್ಲಿ ಬೇಸ್ ಅಂದರೆ ಆಳೆತ್ತರದ ಡಬಲ್ ಬೇಸ್. ಅದಕ್ಕೆ ಮನೆಗಳಿಲ್ಲ, ಸ್ವರ ಕಿವಿಯಿಂದಲೇ ಹುಡುಕಬೇಕು. ಇದಕ್ಕೆ ಫ್ರೆಟ್ ಹಾಕಿದ್ದರಿಂದ ಬೆರಳಿಟ್ಟಲ್ಲಿ ಸ್ವರ ಕರಾರುವಾಕ್ಕು, ಅದಕ್ಕೇ ಆ ಹೆಸರು. 1957ರಲ್ಲಿ ಅದರ ಪಿಕಪ್ಪನ್ನು ಎರಡು ತುಂಡು ಮಾಡಿದರು. ದಪ್ಪ ತಂತಿಗಳೆರಡಕ್ಕೆ ಒಂದು ತುಂಡು, ಸಣ್ಣವೆರಡಕ್ಕೆ ಇನ್ನೊಂದು, ಒಂದರ ವಿರುದ್ಧ ಇನ್ನೊಂದು ಸುತ್ತಿದ ಸುರುಳಿ. ಹಾಗಾಗಿ ಕರೆಂಟಿನ ಗುಂಯ್ ಸದ್ದು ಒಂದನ್ನೊಂದು ಹೊಡೆದು ಹಾಕುತ್ತದೆ. ಗುಂಡಿಗಳು ಎರಡೇ, ವಾಲ್ಯೂಮು ಮತ್ತು ಟೋನು. ತಲೆನೋವಿಲ್ಲ.

ಜಾಝ್ ಬೇಸ್ ಬಂದದ್ದು 1960ರಲ್ಲಿ. ಅದಕ್ಕೆ ಎರಡು ಪಿಕಪ್, ಎರಡು ವಾಲ್ಯೂಮು, ಒಂದು ಟೋನು. ಕುತ್ತಿಗೆ ಕಡೆಯ ಪಿಕಪ್ ದುಂಡನೆಯ ಸದ್ದು ಕೊಡುತ್ತದೆ, ಸೇತುವೆ ಕಡೆಯದು ಸ್ವಲ್ಪ ಮೂಗಿನಿಂದ ಮಾತಾಡುತ್ತದೆ. ಎರಡನ್ನೂ ಪೂರ್ತಿ ತೆರೆದರೆ ಈಗಿನ ಬಹುತೇಕ ಮಾದರಿಗಳಲ್ಲಿ ಗುಂಯ್ ಇಲ್ಲ. ಒಂದನ್ನು ಇಳಿಸಿದಿರೋ, ನಮ್ಮ ಹಳೇ ಬಿಲ್ಡಿಂಗುಗಳ ಅರ್ಥಿಂಗಿಗೆ, ಟ್ಯೂಬ್‌ಲೈಟಿಗೆ ಅದು ತಕ್ಷಣ ತಕರಾರು ಎತ್ತುತ್ತದೆ.

ಇಂಟರ್‌ನೆಟ್ಟಿನಲ್ಲಿ ಕೇಳಿದರೆ ಎಲ್ಲರ ಉತ್ತರ ಒಂದೇ: "ಪ್ರಿಸಿಷನ್ ತಗೊಳ್ಳಿ, ತಪ್ಪಾಗಲ್ಲ." ಮೋಟೌನ್ ಹಾಡುಗಳ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ಬೆರಳಿನಲ್ಲಿ ಚರಿತ್ರೆ ಬರೆದದ್ದು ಪ್ರಿಸಿಷನ್ ಮೇಲೆ ಅನ್ನುತ್ತಾರೆ. ನಿಜವೇ. ಆದರೆ ಜಾಕೋ ಪಾಸ್ಟೋರಿಯಸ್ ಫ್ರೆಟ್ಟುಗಳಿಲ್ಲದ ತನ್ನ ಜಾಝ್ ಬೇಸ್ ನುಡಿಸಿ ಜಗತ್ತನ್ನೇ ತಿರುಗಿ ನೋಡುವಂತೆ ಮಾಡಿದ್ದೂ ನಿಜ. ದೊಡ್ಡವರ ಹೆಸರು ಹೇಳಿ ತೀರ್ಮಾನ ಮಾಡುವುದು ಜಾಮೀನುದಾರನ ಮುಖ ನೋಡಿ ಸಾಲ ಕೊಟ್ಟ ಹಾಗೆ. ಸಾಲ ತೀರಿಸಬೇಕಾದವನು ಯಾರು ಅಂತ ನೋಡಬೇಕಲ್ಲ!

ತೀರಿಸಬೇಕಾದವನು ನಾನು. ನನ್ನ ಎಡಗೈಯ ಉಂಗುರಬೆರಳು ಎರಡು ವರ್ಷದಿಂದ ಬೆಳಿಗ್ಗೆ ಮಡಚಿದರೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಟಕ್ ಅಂತ ಬಿಚ್ಚುತ್ತದೆ. ಡಾಕ್ಟರು ಟ್ರಿಗರ್ ಫಿಂಗರ್ ಅಂದರು. ಬಿಗಿಯಾಗಿ ಹಿಡಿದು ಮಾಡುವ ಕೆಲಸ ಕಡಿಮೆ ಮಾಡಿ ಅಂದರು. ಬೇಸ್ ವಿಷಯ ನಾನು ಅವರಿಗೆ ಹೇಳಲಿಲ್ಲ, ಹೇಳಿದ್ದರೆ ಅಲ್ಲಿಗೇ ಫೈಲ್ ಕ್ಲೋಸ್ ಆಗುತ್ತಿತ್ತೇನೋ.

ಅಂಗಡಿಗೆ ಒಂದು ಸ್ಕೇಲು ತೆಗೆದುಕೊಂಡು ಹೋಗಿದ್ದೆ. ಕುತ್ತಿಗೆಯ ತುದಿಯಲ್ಲಿ, ತಂತಿಗಳು ಕೂರುವ ನಟ್ ಹತ್ತಿರ ಅಳೆದೆ. ಪ್ರಿಸಿಷನ್ 42 ಮಿಲಿಮೀಟರ್, ಜಾಝ್ 38. ನಾಲ್ಕು ಮಿಲಿಮೀಟರು! ಪಟ್ಟಿಯಲ್ಲಿ ಓದಿದಾಗ ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಎರಡನ್ನೂ ಒಂದೇ ಆಂಪ್ಲಿಫೈಯರಿಗೆ ಹಾಕಿಸಿ, ಗುಂಡಿಗಳನ್ನು ಅಲ್ಲಾಡಿಸದೆ, ತಲಾ ಇಪ್ಪತ್ತು ನಿಮಿಷ ಕೂತು ನುಡಿಸಿದೆ. ತಂತಿಯ ಎತ್ತರವನ್ನು ಎರಡರಲ್ಲೂ ಸಮ ಮಾಡಿಸಿದೆ. ಇಲ್ಲದಿದ್ದರೆ ನಾವು ಹೋಲಿಸುವುದು ಗಿಟಾರನ್ನಲ್ಲ, ಅಂಗಡಿಯವನ ಸ್ಕ್ರೂಡ್ರೈವರನ್ನು.

ಸುಳ್ಳು ಹೇಳಬಾರದು, ಕಿವಿ ಪ್ರಿಸಿಷನ್ ಕಡೆಗಿತ್ತು. ಮೊದಲ ಸ್ವರಕ್ಕೇ ನನ್ನ ಇಪ್ಪತ್ತೈದನೇ ವಯಸ್ಸು ಎದುರು ಬಂದು ಕೂತಿತು. ನಾನು ಕಡ ತಂದು ನುಡಿಸುತ್ತಿದ್ದದ್ದೂ ಅದೇ ಜಾತಿಯದು. ಆದರೆ ಹತ್ತನೇ ನಿಮಿಷಕ್ಕೆ ದಪ್ಪ ತಂತಿಗೆ ಬೆರಳು ಚಾಚುವಾಗ ಅಂಗೈ ಬಿಗಿಯತೊಡಗಿತು. ಜಾಝ್ ಮೇಲೆ ಇಪ್ಪತ್ತು ನಿಮಿಷವೂ ಕೈ ಸುಮ್ಮನಿತ್ತು.

ಸಣ್ಣ ಕುತ್ತಿಗೆಯಿಂದ ಎಲ್ಲ ಕಷ್ಟವೂ ತೀರುತ್ತದೆ ಅಂತಲ್ಲ. ಉದ್ದಕ್ಕೆ ಎರಡೂ ಒಂದೇ: ಮೊದಲ ನಾಲ್ಕು ಮನೆಗಳು ಸೇರಿ ಸುಮಾರು 7 ಇಂಚು. ಅಲ್ಲಿ ಡಬಲ್ ಬೇಸಿನವರ ಹಳೇ ಉಪಾಯ ಕೆಲಸಕ್ಕೆ ಬರುತ್ತದೆ. ತೋರುಬೆರಳು, ನಡುಬೆರಳು, ಕಿರುಬೆರಳು ಇಷ್ಟರಲ್ಲೇ ಮೂರು ಮನೆ ಹಿಡಿಯುವುದು, ಉಂಗುರಬೆರಳು ಕಿರುಬೆರಳಿಗೆ ಸುಮ್ಮನೆ ಜೊತೆ ಕೊಡುವುದು. ನನ್ನ ಬೆರಳಿಗೆ ಹೇಳಿ ಮಾಡಿಸಿದಂಥ ಕೆಲಸ, ಹಾಜರಿ ಉಂಟು, ಹೊಣೆ ಇಲ್ಲ!

ಜಾಝ್ ತಂದೆ.

ನನ್ನ ಅಭಿಪ್ರಾಯ ಇಷ್ಟೇ. ಎರಡು ವಾದ್ಯ ಬಹುಪಾಲು ಒಂದೇ ಆಗಿದ್ದಾಗ ಕಿವಿಗೆ ಅರ್ಧ ಓಟು, ಕೈಗೆ ಒಂದೂವರೆ ಓಟು ಕೊಡಿ. ಸದ್ದನ್ನು ಆಮೇಲೆ ತಕ್ಕಮಟ್ಟಿಗೆ ಬದಲಾಯಿಸಬಹುದು. ತಂತಿ ಬದಲಿಸಿ, ಟೋನ್ ಇಳಿಸಿ, ಜಾಝಿನ ಸೇತುವೆ ಕಡೆಯ ಪಿಕಪ್ ಮುಚ್ಚಿದರೆ ಪ್ರಿಸಿಷನ್ನಿನ ಹತ್ತಿರದ ನೆಂಟನಾದರೂ ಸಿಗುತ್ತಾನೆ. ಅವನೇ ಸಿಗುವುದಿಲ್ಲ, ಒಪ್ಪಿದೆ. ಆದರೆ ಕುತ್ತಿಗೆಯ ಅಗಲವನ್ನು ಟೋನ್ ಗುಂಡಿ ತಿರುಗಿಸಿ ಕಡಿಮೆ ಮಾಡಲಾಗದು. ಕೈಗೆ ನೋವಾದರೆ ನೀವು ನುಡಿಸುವುದಿಲ್ಲ. ನುಡಿಸದ ಗಿಟಾರಿನ ಸದ್ದು ಎಷ್ಟು ಚೆನ್ನಾಗಿದ್ದರೇನು? ಅದು ಬ್ಯಾಂಕಿನ ಭಾಷೆಯಲ್ಲಿ ಎನ್‌ಪಿಎ.

ಕೈ ಗಟ್ಟಿಯಿರುವ ಹುಡುಗರಿಗೆ ಈ ಮಾತು ಬೇಕಿಲ್ಲ, ಅವರು ಧಾರಾಳವಾಗಿ ಕಿವಿಯ ಮಾತು ಕೇಳಲಿ. ನನ್ನಂತೆ ಊರು ಬಿಟ್ಟು ಬಂದು, ದುಡಿದು, ಎಂದೋ ಕಟ್ಟಿಟ್ಟ ಹವ್ಯಾಸವನ್ನು ಐವತ್ತರ ನಂತರ ಬಿಚ್ಚುವವರಿಗೆ ಹೇಳುತ್ತಿದ್ದೇನೆ. ನಾವು ಅಂಗಡಿಗೆ ಹೋಗುವುದು ಹಳೆಯ ನಮಗಾಗಿ ಕೊಳ್ಳಲು. ಆದರೆ ಮನೆಗೆ ತಂದ ಮೇಲೆ ನುಡಿಸಬೇಕಾದವನು ಈಗಿನವನು. ಅವನನ್ನು ಒಂದು ಮಾತು ಕೇಳಿ.

ಉಳಿದ ದುಡ್ಡಿನಲ್ಲಿ ಒಳ್ಳೆಯ ಹೆಡ್‌ಫೋನ್ ತಂದೆ. ಬೇಸಿನ ದಪ್ಪ ತಂತಿಯ ಕಂಪನ ಸೆಕೆಂಡಿಗೆ 41, ಅಷ್ಟು ಕೆಳಗಿನ ಸದ್ದನ್ನು ಫೋನಿನ ಸ್ಪೀಕರ್ ಕೊಡುವುದೇ ಇಲ್ಲ, ಆದರೆ ಆಂಪ್ಲಿಫೈಯರಿನಿಂದ ಹೊರಟರೆ ಗೋಡೆ ದಾಟಿಬಿಡುತ್ತದೆ. ಮೊದಲ ದಿನ ಪಕ್ಕದ ಮನೆಯ ಗುಜರಾತಿ ಬೆನ್ ಬಂದು, ನಿಮ್ಮ ಫ್ರಿಜ್ ಕೆಟ್ಟಿದೆಯಾ ಅಂತ ಕೇಳಿದರು. ಶ್ರೀಮತಿ, "ಫ್ರಿಜ್ ಅಲ್ಲ, ಇವರು" ಅಂದಳು.

ಮಳೆಗಾಲದಲ್ಲಿ ಕುತ್ತಿಗೆ ಸ್ವಲ್ಪ ಬಾಗಿತು, ಅಲೆನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿ ಸರಿ ಮಾಡಿಕೊಂಡೆ. ದಿನಕ್ಕೆ ಇಪ್ಪತ್ತೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಪ್ರಿಸಿಷನ್ನಿನ ಆ ಮೊದಲ ಸ್ವರ ಈಗಲೂ ನೆನಪಾಗುತ್ತದೆ. ಆದರೆ ಬೆರಳು ಇನ್ನೂ ನನ್ನ ಜೊತೆಗಿದೆ.

ನಿಮ್ಮ ಅಟ್ಟದ ಮೇಲೆ ಏನಿದೆ? ಹಾರ್ಮೋನಿಯಂ, ಕೊಳಲು, ತಬಲಾ? ಇಳಿಸಿ ನೋಡಿ. ಕೈ ಏನನ್ನುತ್ತದೆ ಅಂತ ನನಗೂ ತಿಳಿಸಿ.