ಭದ್ರಕೋಟೆಯೋ ಕೊತ್ತಳವೋ?

ಹೊರನಾಡಿನ ಕನ್ನಡ ಸಮಾರಂಭಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: 'ಈ ವಿಭಾಗವು ಕನ್ನಡದ ಭದ್ರಕೋಟೆ.' ಅದು ಅಭಿಮಾನದ ಮಾತು. ಇಂತಹ ಸಂದರ್ಭದಲ್ಲಿ ಇಂಗ್ಲಿಷಿನವರು ಬಳಸುವ ಶಬ್ದ 'ಬ್ಯಾಸ್ಟಿಯನ್'. ನಮ್ಮ ಪತ್ರಿಕೆಗಳು ಅದನ್ನು 'ಭದ್ರಕೋಟೆ' ಎಂದೇ ಕನ್ನಡಿಸುತ್ತ ಬಂದಿವೆ. ಈ ಅನುವಾದದಲ್ಲಿ ಮೂಲ ಶಬ್ದದ ತಿರುಳೇ ಜಾರಿಹೋಗಿದೆ ಎಂಬುದು ನನ್ನ ಅಭಿಪ್ರಾಯ. ಜಾರಿಹೋದದ್ದು ಶಬ್ದಾರ್ಥ ಮಾತ್ರವಲ್ಲ. ನಮ್ಮ ಕೆಲಸದ ಬಗೆಗಿನ ಒಂದು ತಿಳಿವಳಿಕೆಯೂ ಹೌದು.

'ಬ್ಯಾಸ್ಟಿಯನ್' ಶಬ್ದವು ಇಟಾಲಿಯನ್ ಭಾಷೆಯಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದುದು. ಅದರ ಬೇರಿನಲ್ಲಿರುವ ಕ್ರಿಯಾಪದದ ಅರ್ಥ 'ಕಟ್ಟು'. ಅದು ಇಡೀ ಕೋಟೆಯ ಹೆಸರಲ್ಲ, ಕೋಟೆಗೋಡೆಯಿಂದ ಹೊರಕ್ಕೆ ಚಾಚಿಕೊಂಡಿರುವ ಭಾಗದ ಹೆಸರು. ನೇರವಾದ ಗೋಡೆಯ ಮೇಲೆ ನಿಂತ ಕಾವಲುಗಾರನಿಗೆ ಆ ಗೋಡೆಯ ಬುಡ ಸರಿಯಾಗಿ ಕಾಣುವುದಿಲ್ಲ. ಹೊರಚಾಚಿದ ಭಾಗದಲ್ಲಿ ನಿಂತವನಿಗೆ ಎದುರಿನ ಬಯಲೂ ಕಾಣುತ್ತದೆ, ಇಕ್ಕೆಲದ ಗೋಡೆಗಳ ಬುಡವೂ ಕಾಣುತ್ತದೆ. ಫಿರಂಗಿಗಳ ಕಾಲದಲ್ಲಿ, 15-16ನೆಯ ಶತಮಾನಗಳಲ್ಲಿ, ಇಟಲಿಯ ಶಿಲ್ಪಿಗಳು ಈ ರಚನೆಯನ್ನು ಕೋನಾಕೃತಿಯಲ್ಲಿ ಬೆಳೆಸಿದರು. ಒಂದು ಬ್ಯಾಸ್ಟಿಯನ್ನು ಕಾಯುವುದು ಮುಖ್ಯವಾಗಿ ತನ್ನನ್ನಲ್ಲ, ಪಕ್ಕದ ಗೋಡೆಯನ್ನು ಮತ್ತು ಪಕ್ಕದ ಬ್ಯಾಸ್ಟಿಯನ್ನನ್ನು.

ಈ ವಸ್ತುವಿಗೆ ಕನ್ನಡದಲ್ಲಿ ಹೆಸರಿಲ್ಲವೇ? ಇದೆ. 'ಕೋಟೆ ಕೊತ್ತಳ' ಎಂಬ ಜೋಡಿನುಡಿಯನ್ನು ಅರಿಯದ ಕನ್ನಡಿಗನಿಲ್ಲ. ಆ ಕೊತ್ತಳವೇ ಬ್ಯಾಸ್ಟಿಯನ್. ಅರಬ್ಬಿಯಿಂದ ಬಂದ 'ಬುರುಜು' ಕೂಡ ನಮ್ಮದೇ ಆಗಿದೆ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಇರುವುದು ಷೇರ್ಜಾ ಬುರುಜಿನ ಮೇಲೆ. ಎರಡು ಶಬ್ದಗಳು ಮನೆಯಲ್ಲೇ ಇರುವಾಗ ಭಾಗದ ಹೆಸರನ್ನು ಬಿಟ್ಟು ಇಡಿಯ ಹೆಸರನ್ನು ಹಿಡಿದೆವು.

ಚುನಾವಣೆಯ ವರದಿಗಳಲ್ಲಿ 'ಭದ್ರಕೋಟೆ' ನೆಲೆಯೂರಿದೆ, ಅದನ್ನು ಕೀಳಬೇಕೇಕೆ ಎಂದು ಕೇಳಬಹುದು. ಇಂಗ್ಲಿಷಿನಲ್ಲೂ ಲಾಕ್ಷಣಿಕ ಬಳಕೆ ಮೂಲದಿಂದ ದೂರ ಸರಿದಿದೆ ಎಂಬುದೂ ನಿಜ. ಒಂದು ಪಕ್ಷವು ಸದಾ ಗೆಲ್ಲುವ ಕ್ಷೇತ್ರಕ್ಕೆ ಆ ಶಬ್ದ ಸಲ್ಲುತ್ತದೆ; ಅಲ್ಲಿ ಅದು ಇರಲಿ. ಆದರೆ ಹೊರನಾಡಿನ ಕನ್ನಡ ವಿಭಾಗಕ್ಕೆ ಅದು ಸಲ್ಲದು. ಕೋಟೆಯೆಂದೊಡನೆ ಸುತ್ತ ಗೋಡೆ, ಮುಚ್ಚಿದ ಬಾಗಿಲು, ಹೊರಗೆಲ್ಲ ವೈರಿಗಳು ಎಂಬ ಚಿತ್ರ ಮೂಡುತ್ತದೆ. ಮುಂಬಯಿಯ ಕನ್ನಡಿಗನಿಗೆ ಮರಾಠಿ ವೈರಿಯ ಭಾಷೆಯಲ್ಲ, ನೆರೆಮನೆಯ ಭಾಷೆ.

ಈ ನಗರವೇ ಅದಕ್ಕೆ ಸಾಕ್ಷಿ. ಇಲ್ಲಿನ ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿ ಕೆಡವಲಾಯಿತು. ಚರ್ಚ್‌ಗೇಟ್ ಎಂಬ ಬಾಗಿಲು ಇಂದು ರೈಲು ನಿಲ್ದಾಣದ ಹೆಸರಾಗಿ ಉಳಿದಿದೆ. ಗೋಡೆಯಿಲ್ಲದ ಆ ಫೋರ್ಟಿನಲ್ಲೇ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ನಮ್ಮ ಹುಡುಗರು ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಅವರನ್ನು ಕಾಯ್ದದ್ದು ಕೋಟೆಯಲ್ಲ, ಕಲಿಕೆಯ ಹಂಬಲ.

ಹೈದರಾಬಾದಿನ ಕನ್ನಡಿಗರಿಗೆ ಪರಿಚಿತವಾದ ಗೋಲ್ಕೊಂಡವೂ ಒಂದು ಪಾಠ ಹೇಳುತ್ತದೆ. 1687ರಲ್ಲಿ ಔರಂಗಜೇಬನ ಸೇನೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಅದರ ಬುರುಜುಗಳು ಮಣಿಯಲಿಲ್ಲ. ಕೊನೆಗೆ ಒಳಗಿನವರೇ ಲಂಚಕ್ಕೆ ಬಾಗಿಲು ತೆರೆದರು. ನಮ್ಮ ಮನೆಗಳೊಳಗೆ ಮಕ್ಕಳೊಡನೆ ಕನ್ನಡದ ಮಾತು ನಿಂತುಹೋದರೆ ವಿಭಾಗವೆಷ್ಟು ಭದ್ರವಾಗಿದ್ದೂ ಫಲವಿಲ್ಲ.

ಆದ್ದರಿಂದ ನಮ್ಮ ವಿಭಾಗವನ್ನು ಕನ್ನಡದ ಕೊತ್ತಳವೆಂದು ಕರೆಯೋಣ. ಕೊತ್ತಳಕ್ಕೆ ಎರಡು ಹೊಣೆಗಳಿವೆ. ಒಂದು, ಹಿಂದಿನ ಗೋಡೆಗೆ ಅಂಟಿಕೊಂಡಿರುವುದು: ಪಂಪನಿಂದ ಇಂದಿನವರೆಗಿನ ಸಾಹಿತ್ಯವನ್ನು ಶ್ರದ್ಧೆಯಿಂದ ಓದಿಸದೆ ನಾವು ನಿಲ್ಲಲಾರೆವು. ಇನ್ನೊಂದು, ಒಳನಾಡಿನವರಿಗೆ ಕಾಣದುದನ್ನು ಕಂಡು ಹೇಳುವುದು: ಮರಾಠಿ, ಗುಜರಾತಿ, ಕೊಂಕಣಿಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅನುವಾದ ಮತ್ತು ತೌಲನಿಕ ಅಧ್ಯಯನಗಳ ಮೂಲಕ ಕನ್ನಡಕ್ಕೆ ತಲುಪಿಸಬೇಕಾದವರು ಇಲ್ಲಿ ನಿಂತಿರುವ ನಾವೇ. ಕೊತ್ತಳದಲ್ಲಿ ನಿಂತೂ ಒಳಮುಖವಾಗಿಯೇ ನೋಡುವ ಕಾವಲುಗಾರನಿಂದ ಕೋಟೆಗೆ ಪ್ರಯೋಜನವಿಲ್ಲ.

ಈ ಸಂಪುಟವನ್ನು ಓದುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಮುಂದಿನ ಅನುವಾದದಲ್ಲಿ 'ಬ್ಯಾಸ್ಟಿಯನ್' ಎದುರಾದಾಗ ಒಂದು ಕ್ಷಣ ತಡೆದು, ಅಲ್ಲಿ ಹೇಳುತ್ತಿರುವುದು ಇಡಿಯನ್ನೋ ಭಾಗವನ್ನೋ ಎಂದು ಕೇಳಿಕೊಳ್ಳಿ. ಭಾಗವಾದರೆ ನಿಘಂಟಿನಲ್ಲಿ ಮಲಗಿರುವ ಕೊತ್ತಳವನ್ನು ಎಬ್ಬಿಸಿ ಬಳಸಿರಿ.